ಸೀರೆಯ ಮೂಲೆಯ ಅರಿಶಿನ

ಗಾಜಿನ ಪೆಟ್ಟಿಗೆಯ ದೀಪದ ಬೆಳಕು ಹಾಳಾದ್ದು ಬೇರೆಲ್ಲೂ ಬೀಳದೆ ಸೀರೆಯ ಮೂಲೆಗೇ ಬಿದ್ದಿದೆ, ಆ ಹಳದಿ ಕಲೆಯ ಮೇಲೇ — ಶ್ವೇತ ದೃಷ್ಟಿ ಕಿತ್ತು ಪಕ್ಕದ ಫಲಕ ನೋಡಿದಳು, ಅದು ಇನ್ನೂ ಕೆಟ್ಟದ್ದು, ಹಳೇ ಬೆಂಗಳೂರಿನ ಶ್ರೀಮಂತರ ಪಾರ್ಟಿ ಉಡುಪು, ಕ್ಲಬ್ಬಿನ ಹೊಸವರ್ಷಕ್ಕೆ ಉಟ್ಟ ಶಿಫಾನ್ ಸೀರೆ, ಜಯನಗರದ ಶ್ವೇತ ಅವರ ಅಜ್ಜಿಯದು ಎಂದು ಬರೆದಿದೆ. ಅಜ್ಜಿಯದಂತೆ! ಗೊಟ್ಟಿಗೆರೆಯಲ್ಲಿ ರಾಗಿ ಹೊಲದ ಕಳೆ ಕಿತ್ತ ಅಜ್ಜಿ ಕ್ಲಬ್ಬಿನ ಮೆಟ್ಟಿಲು ಯಾವಾಗ ಹತ್ತಿದ್ದಳೋ, ಬಾಯಿ ತಪ್ಪಿ ಬಂದ ಮಾತು, ಅಲ್ಲ, ಸುಳ್ಳು ಯಾಕೆ, ಪ್ರದರ್ಶನ ಜೋಡಿಸುವ ಭಾರ್ಗವ ಅವಳು ಕೊಟ್ಟ ಸೀರೆ ಬಿಡಿಸಿ ಯಾರದು ಮೇಡಂ ಇದು ಅಂದಾಗ ಪಕ್ಕದಲ್ಲಿದ್ದ ಗೆಳತಿಯರ ಮುಖ ನೋಡಿಯೇ ಹೇಳಿದ್ದು. ಸೀರೆ ನಿಜಕ್ಕೂ ದೊಡ್ಡಮನೆಯ ಅಮ್ಮಾವ್ರದು, ಸೆರಗು ಹರಿಯಿತೆಂದು ಪಾತ್ರೆ ತೊಳೆಯುತ್ತಿದ್ದ ಅಮ್ಮನ ಕೈಗೆ ಹಾಕಿದ್ದು, ಅಮ್ಮ ಮುನಿಲಕ್ಷ್ಮಮ್ಮ ಆ ಹರಕಿಗೂ ಹೊಸ ಸೀರೆಗೆ ಇಡುವ ಹಾಗೆ ಮೂಲೆಗೆ ಅರಿಶಿನ ಇಟ್ಟು, ದೇವರ ಮುಂದಿಟ್ಟು, ಶ್ವೇತಳ ನಾಮಕರಣಕ್ಕೆ ಉಟ್ಟಳಂತೆ, ನಮ್ ಕೈಗೆ ಬಂದ ದಿನಾನೇ ಹೊಸದು ಕಣೇ ಅನ್ನುತ್ತಿದ್ದಳು — ಅಯ್ಯೋ, ಅಮ್ಮ! ಬಾಗಿಲಲ್ಲಿ ಅಮ್ಮ, ಪೇಪರಿನಲ್ಲಿ ಸೀರೆಯ ಫೋಟೋ ನೋಡಿ ಬಸ್ಸು ಹತ್ತಿರಬೇಕು, ಕರೆದವರಾರು, ಮಗಳು ಕರೆದಿದ್ದರೆ ತಾನೆ, ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದಾಳೆ, ದೇವಸ್ಥಾನವೇನೇ ಇದು, ನುಣುಪು ನೆಲದ ಮೇಲೆ ಕಾಲುಂಗುರ ಟಿಕ್ ಟಿಕ್, ಈ ನೆಲವಾದರೂ ಬಾಯಿ ಬಿಡಬಾರದೇ.

ಅಮ್ಮ ಗಾಜಿಗೆ ಹಣೆ ಒತ್ತಿ ನಿಂತಳು, ಮುಖವೆಲ್ಲ ನಗು, ಭಾರ್ಗವ ಹತ್ತಿರ ಬಂದ, ಇದು ಈ ಮೇಡಂ ಅವ್ರ ಅಜ್ಜಿ ಪಾರ್ಟಿಗೆ ಉಡ್ತಿದ್ದ ಸೀರೆ ಅಮ್ಮ, ಆ ಕಲೆ ಮಾತ್ರ ಏನಂತ ಗೊತ್ತಾಗ್ಲಿಲ್ಲ, ಪಾರ್ಟೀಲಿ ಏನೋ ಚೆಲ್ಲಿರ್ಬೇಕು. ಅಜ್ಜೀದಾ? ಅಮ್ಮ ತಿರುಗಿದಳು, ಮಗಳನ್ನು ನೋಡಿದಳು, ನಗು ಅಲ್ಲೇ ನಿಂತಿತು, ಗೆಳತಿಯರನ್ನೂ ನೋಡಿದಳು, ಅವಳಿಗೆ ಎಲ್ಲ ತಿಳಿದುಹೋಯಿತು, ಮುಗಿಯಿತು, ಈಗ ಮಾನ ಹೋಯಿತು — ಅದು ಅರಿಶಿನ ಸ್ವಾಮಿ, ಅಂದಳು ಅಮ್ಮ, ನಾನೇ ಇಟ್ಟಿದ್ದು, ಇವ್ರ ಅಜ್ಜಿ ಮನೇಲಿ ಮುಸುರೆ ತಿಕ್ಕೊಂಡಿದ್ದೆ, ಎಂಥಾ ಅಮ್ಮಾವ್ರು ಅಂತೀರಾ. ಚೆನ್ನಾಗಿದೀರಾ ಮೇಡಂ?

ಚೆನ್ನಾಗಿದೀನಿ, ನೀವು? — ಥೂ, ಅಂದೇಬಿಟ್ಟಿತಲ್ಲ ಈ ನಾಲಿಗೆ, ಎಷ್ಟು ನಿಯತ್ತಿನ ಹೆಂಗಸು ನೋಡು ಅನ್ನುತ್ತಿದ್ದಾರೆ ಗೆಳತಿಯರು, ಬಸ್ಸು ಹೋಗ್ಬಿಡುತ್ತೆ ಬರ್ತೀನಿ ಅಂತ ಅಮ್ಮ ಹೊರಟಿದ್ದಾಳೆ, ಕಾಲುಂಗುರದ ಸದ್ದು ಬಾಗಿಲು ದಾಟುತ್ತಿದೆ, ಕೂಗಬೇಕು, ಅಮ್ಮಾ ಎನ್ನಬೇಕು, ಈಗ, ಈಗಲೇ — ಗಾಜಿನ ಮೇಲೆ ಅಮ್ಮನ ಹಣೆಯಿಂದ ಅಂಟಿದ ಕುಂಕುಮ, ಅದರ ಹಿಂದೆ ಹಳದಿ, ಅವಳ ಬೆರಳಿನಷ್ಟೇ ಅಗಲದ ಹಳದಿ.