ಹಲ್ಲಿರುವ ಎಲೆ

ಉಳಿಯಕ್ಕ ಕಲ್ಲು ಸೀಳುವ ಚೆಂದ ನೋಡಿದರೆ ಕಲ್ಲಿಗೇ ನಾಚಿಕೆಯಾಗಬೇಕು. ಸುತ್ತಿಗೆಯಿಂದ ಒಮ್ಮೆ ತಟ್ಟಿ ಕಿವಿಗೊಡುತ್ತಾಳೆ. ‘ಇವನಿಗಿನ್ನೂ ನಿದ್ದೆ’ ಎಂದು ಪಕ್ಕಕ್ಕಿಡುತ್ತಾಳೆ. ಇನ್ನೊಂದನ್ನು ತಟ್ಟಿ, ಅಂಚಿಗೆ ಉಳಿಯಿಟ್ಟು ಹಗುರಾಗಿ ಒಂದೇಟು ಕೊಟ್ಟರೆ ಸಾಕು, ಕಲ್ಲು ಪುಸ್ತಕದ ಹಾಗೆ ಬಿಚ್ಚಿಕೊಳ್ಳುತ್ತದೆ. ಒಳಗೆ ಕೋಟಿಗಟ್ಟಲೆ ವರ್ಷದ ಹಿಂದೆ ಉದುರಿದ ಎಲೆ, ನಿನ್ನೆ ಸಂಜೆ ಬಿದ್ದದ್ದೇನೋ ಎಂಬಂತೆ ನರನರವೂ ಕಾಣುವ ಹಾಗೆ ಮಲಗಿರುತ್ತದೆ. ಒಂದು ಹೋಳಿನಲ್ಲಿ ಎಲೆ, ಇನ್ನೊಂದರಲ್ಲಿ ಅದರ ಅಚ್ಚು. ಅವಕ್ಕೆ ಅವಳು ಗಂಡ ಹೆಂಡತಿ ಎನ್ನುತ್ತಾಳೆ. ಯಾವುದು ಗಂಡ ಎಂದು ಕೇಳಿದರೆ, ‘ಖಾಲಿ ಇರೋದು’ ಎಂದು ನಗುತ್ತಾಳೆ. ಊರಿನ ಮ್ಯೂಸಿಯಂಗೆಂದು ಈ ಹದಿನೆಂಟು ವರ್ಷದಲ್ಲಿ ಅವಳು ಸೀಳಿದ ಕಲ್ಲನ್ನೆಲ್ಲ ಸಾಲಾಗಿ ಇಟ್ಟರೆ ಭೂಮಿಗೆ ಎರಡು ಸುತ್ತು ಬಂದು, ಮಿಕ್ಕಿದ್ದರಲ್ಲಿ ಚಂದ್ರನಿಗೆ ಮೆಟ್ಟಿಲು ಕಟ್ಟಬಹುದು.

ಅವತ್ತು ಬೆಳಿಗ್ಗೆ ಅವಳ ಪಕ್ಕದಲ್ಲಿ ಕನ್ನಡಕದ ಹುಡುಗಿ ಕೂತಿದ್ದಳು. ಬೇರೆ ಊರಿನ ಮ್ಯೂಸಿಯಂನವಳು, ಎಲೆಗಳ ವಿಷಯದಲ್ಲೇ ದೊಡ್ಡ ಓದು ಓದಿದವಳು. ಹೋದ ವರ್ಷ ಇದೇ ಕಲ್ಲುಗುಂಡಿಯ ಇನ್ನೊಂದು ಮಗ್ಗುಲಲ್ಲಿ ಮೂರು ವಾರ ತಾನೇ ಅಗೆದು, ಸಿಕ್ಕಿದ್ದನ್ನು ಬರೆದು ಪ್ರಕಟಿಸಿದ್ದಳು. ಕನ್ನಡಕವೋ, ಬಾವಿಯ ಮುಚ್ಚಳದಷ್ಟು.

“ಅಮ್ಮಾ, ಒಂದು ಮಾತು ಕೇಳ್ಲಾ? ಬೇಜಾರು ಮಾಡ್ಕೋಬಾರ್ದು.”

“ಕೇಳು. ಬೇಜಾರು ಮಾಡ್ಕೊಳ್ಳೋ ವಯಸ್ಸು ಯಾವತ್ತೋ ದಾಟ್ತು.”

“ಹಲ್ಲಿರೋ ಎಲೆಗಳನ್ನೆಲ್ಲ ನೀವ್ಯಾಕೆ ಬಿಸಾಕಿದ್ರಿ?”

ಉಳಿಯಕ್ಕ ಸುತ್ತಿಗೆ ಕೆಳಗಿಟ್ಟಳು. “ನಾನು ಬಿಸಾಕ್ದೆ ಅಂತ ಯಾರು ಹೇಳಿದ್ದು?”

“ಹೇಳಿದ್ದಲ್ಲ, ಬರ್ದಿದ್ದಾರೆ. ನಿಮ್ಮ ಮೇಷ್ಟ್ರು, ನಾನು ಬರ್ದಿದ್ದಕ್ಕೆ ಉತ್ತರವಾಗಿ.” ಹುಡುಗಿ ಚೀಲದಿಂದ ಒಂದು ವಿಜ್ಞಾನ ಪತ್ರಿಕೆ ತೆಗೆದು, ಬೆರಳಿಟ್ಟು ಓದಿದಳು: “‘ಈ ವ್ಯತ್ಯಾಸಕ್ಕೆ ಕಾರಣ, ಸ್ಥಳದಲ್ಲಿದ್ದ ತರಬೇತಿಯಿಲ್ಲದ ಕೆಲಸಗಾರ್ತಿಯೊಬ್ಬಳು ನಮಗೆ ತಿಳಿಸದೆ, ಮನಸ್ಸಿಗೆ ಬಂದಂತೆ, ಅಂಚಿನಲ್ಲಿ ಹಲ್ಲಿದ್ದ ಮಾದರಿಗಳನ್ನು ಎಸೆದಿರುವುದು.’”

“ಇನ್ನೊಂದ್ಸಲ ಓದು.”

ಹುಡುಗಿ ಓದಿದಳು. ಎರಡನೇ ಸಲವೂ ಅದೇ ಇತ್ತು.

“ಅದ್ರಿಂದ ಏನೀಗ? ಎಲೆಗೆ ಹಲ್ಲಿದ್ರೆ ಯಾರನ್ನ ಕಚ್ಚುತ್ತೆ?”

“ಮೇಷ್ಟ್ರನ್ನ ಕಚ್ಚಿದೆ,” ಎಂದಳು ಹುಡುಗಿ. “ಸೆಕೆ ಇರೋ ಕಾಡಲ್ಲಿ ಅಂಚು ನುಣ್ಣಗಿರೋ ಜಾತಿಗಳೇ ಜಾಸ್ತಿ. ತಂಪು ಸೀಮೇಲಿ ಅಂಚು ಗರಗಸದ ಥರ ಇರೋವು ಜಾಸ್ತಿ. ಎಷ್ಟು ಜಾತಿ ಇದು, ಎಷ್ಟು ಜಾತಿ ಅದು ಅಂತ ಎಣಿಸಿದ್ರೆ, ಆ ಕಾಲದಲ್ಲಿ ಇಲ್ಲಿ ಸೆಕೆ ಇತ್ತಾ, ತಂಪಿತ್ತಾ ಗೊತ್ತಾಗುತ್ತೆ. ನಾನು ಮೂವತ್ತು ಜಾತಿ ಹಿಡಿದೆ, ಹದಿನೇಳಕ್ಕೆ ಹಲ್ಲಿದೆ. ನಿಮ್ಮ ಮ್ಯೂಸಿಯಂ ಡ್ರಾಯರಲ್ಲಿ ಹಲ್ಲಿರೋದು ಮೂರೇ ಜಾತಿ.”

ಮ್ಯೂಸಿಯಂನ ವಿಜ್ಞಾನಿ ಮೇಷ್ಟ್ರಿಗೆ ಹೆಸರು ಬಂದಿದ್ದೇ ಆ ಡ್ರಾಯರ್‌ನಿಂದ. ಇಲ್ಲಿ ಚಳಿಯೇ ಇಲ್ಲದ, ಬೆವರು ಸುರಿಯುವ ದಟ್ಟ ಕಾಡಿತ್ತು ಎಂದು ಅವರು ಬರೆದದ್ದನ್ನು ದೇಶದೇಶದವರು ಓದಿದ್ದರು. ಬರೆಯುವುದಕ್ಕೆ ಮೊದಲು ಅದನ್ನು ಉಳಿಯಕ್ಕನಿಗೆ ಹೇಳಿದ್ದರು, ಇದೇ ಗುಂಡಿಯಲ್ಲಿ, ಒಂದೇ ಫ್ಲಾಸ್ಕಿನ ಚಹಾ ಕುಡಿಯುತ್ತಾ. ‘ಅಕ್ಕಾ, ನೀವು ಕೂತಿದ್ದೀರಲ್ಲ, ಅಲ್ಲಿ ಚಳಿಗಾಲ ಅನ್ನೋದೇ ಇರ್ಲಿಲ್ಲ’ ಎಂದಿದ್ದರು. ಅವತ್ತಿನಿಂದ ಅವಳಿಗೆ ಗಡಗಡ ನಡುಗುವ ದಿನದಲ್ಲೂ ಆ ಗುಂಡಿಯಲ್ಲಿ ಬೆವರು ಬರುತ್ತಿತ್ತು. ಅಷ್ಟು ನಂಬಿದ್ದಳು. ಅವರು ಅವಳನ್ನು ‘ಅಕ್ಕ’ ಎನ್ನದೆ ಕರೆದದ್ದಿಲ್ಲ. ಅವಳ ಒಡಹುಟ್ಟಿದ ತಮ್ಮ ಹದಿನೆಂಟು ವರ್ಷದಲ್ಲಿ ಹದಿನೆಂಟು ಸಲ ‘ಅಕ್ಕ’ ಅಂದಿದ್ದರೆ ಹೆಚ್ಚು.

ಬಿಸಾಕಿದ್ದು ನಿಜ. ಅವಳೇ ಬಿಸಾಕಿದ್ದು. ಆದರೆ ಬಿಸಾಕಿ ಅಂದವರು ಯಾರು?

ಮೊದಲನೇ ವರ್ಷ, ಮ್ಯೂಸಿಯಂನ ಗಾಜಿನ ಪೆಟ್ಟಿಗೆಗೆ ಚೆಂದದ ಎಲೆ ಬೇಕೆಂದು ಬಂದಾಗ ಮೇಷ್ಟ್ರು ಅದೇ ಫ್ಲಾಸ್ಕಿನ ಚಹಾ ಕುಡಿಯುತ್ತಾ ಹೇಳಿದ್ದರು, ‘ಅಂಚು ಹರ್ಕಲು ಇರೋದೆಲ್ಲ ಬೇಡ ಅಕ್ಕಾ, ಹುಳ ತಿಂದಿರೋ ಹಾಗೆ ಕಾಣುತ್ತೆ.’ ಅವಳು ಒಂದನ್ನು ಅವರ ಮೂಗಿನ ಹತ್ತಿರ ಹಿಡಿದಿದ್ದಳು. ‘ಇದು ಹರಿದಿದ್ದಲ್ಲ ಮೇಷ್ಟ್ರೇ, ಸಾಲಾಗಿ ಹಲ್ಲಿದೆ, ನೋಡಿ.’ ‘ಇರೋ ಪೆಟ್ಟಿಗೆ ಇಷ್ಟೇ ಅಕ್ಕಾ. ಹಲ್ಲು ಕಿರಿಯೋರಿಗೆಲ್ಲ ಜಾಗ ಕೊಡೋಕಾಗುತ್ತಾ?’ ಇಬ್ಬರೂ ನಕ್ಕಿದ್ದರು. ಆಮೇಲೆ ಗಾಜಿನ ಪೆಟ್ಟಿಗೆ ತುಂಬಿತು, ಡ್ರಾಯರ್ ತುಂಬಿತು, ಚೆಂದಕ್ಕೆಂದು ಕೂಡಿಟ್ಟ ಎಲೆಗಳಿಂದಲೇ ಮೇಷ್ಟ್ರು ಕಾಡು ಕಟ್ಟಿದರು. ‘ಇನ್ಮೇಲೆ ಹಲ್ಲಿರೋದೂ ಬೇಕು’ ಎಂದು ಮಾತ್ರ ಅವಳಿಗೆ ಯಾರೂ ಬಂದು ಹೇಳಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆ ಎಮ್ಮೆ ಈಗ ಮನೆಗೆ ನಡೆಯಿತು.

ಮನೆಯಲ್ಲಿ ಸೊಸೆ ಈರುಳ್ಳಿ ಹೆಚ್ಚುತ್ತಿದ್ದಳು. ಸೊಸೆಯೂ ಅದೇ ಮ್ಯೂಸಿಯಂನವಳೇ. ಎಲೆಗಳಿಗೆ ಚೀಟಿ ಬರೆಯುವುದು, ಮೇಷ್ಟ್ರ ಕಾಗದ ಟೈಪ್ ಮಾಡುವುದು ಅವಳ ಕೆಲಸ. ಓದಿದ ಸೊಸೆ ಸಿಕ್ಕಿದಳೆಂದು ಉಳಿಯಕ್ಕ ಬೀದಿಗೆಲ್ಲ ಡಂಗುರ ಸಾರಿದ್ದಳು. ಸೊಸೆ ಕಣ್ಣು ಮುಚ್ಚಿ ಟೈಪ್ ಮಾಡ್ತಾಳೆ, ನಿದ್ದೆಯಲ್ಲೂ ಮಾಡ್ತಾಳೆ, ಸತ್ತರೂ ಬೆರಳು ನಿಲ್ಲೋದಿಲ್ಲ ಎಂದು.

“ಮೇಷ್ಟ್ರು ನನ್ನ ಬಗ್ಗೆ ಏನೋ ಬರ್ದಿದ್ದಾರಂತೆ. ನಿಂಗೆ ಗೊತ್ತಾ?”

ಚಾಕು ನಿಂತಿತು. ಕನ್ನಡಕದ ಹುಡುಗಿ ಓದಿದ ಎರಡು ಸಾಲಿಗಿಂತ ಆ ನಿಂತ ಚಾಕು ಹೆಚ್ಚು ಹೇಳಿತು.

“ನೀನೇ ಟೈಪ್ ಮಾಡ್ದ್ಯಾ?”

“ನಾನು ಟೈಪ್ ಮಾಡೋಳು ಅತ್ತೆ. ಬರೆಯೋಳಲ್ಲ.”

“ಯಾವಾಗ?”

“ನಾಲ್ಕು ತಿಂಗಳಾಯ್ತು.”

“ನಾಲ್ಕು ತಿಂಗಳಿಂದ ನನ್ ಜೊತೆ ಕೂತು ಊಟ ಮಾಡ್ತಿದ್ದೀಯ.”

“ನನ್ನ ಕೆಲಸ ಖಾಯಂ ಆಗೋದಿತ್ತು. ನಿಮ್ಮ ಹೆಸರೇನೂ ಹಾಕಿಲ್ಲ ಅತ್ತೆ, ‘ಕೆಲಸಗಾರ್ತಿಯೊಬ್ಬಳು’ ಅಂತ ಅಷ್ಟೇ ಇದೆ.”

“ಆ ಗುಂಡೀಲಿ ಕೆಲಸಗಾರ್ತಿಯರ ಜಾತ್ರೆ ನೆರೆದಿದೆ, ನೋಡು! ಯಾರೋ ಗೊತ್ತೇ ಆಗಲ್ಲ ಜನಕ್ಕೆ.”

ಸೊಸೆಯ ಕಣ್ಣಲ್ಲಿ ನೀರಿತ್ತು. ಈರುಳ್ಳಿಯದೋ ಅವಳದೋ ಎಂದು ವಿಚಾರಿಸಲು ಉಳಿಯಕ್ಕ ನಿಲ್ಲಲಿಲ್ಲ.

ಕನ್ನಡಕದ ಹುಡುಗಿ ಸುಮ್ಮನಿರುವ ಜಾತಿಯಲ್ಲ. ಉಳಿಯಕ್ಕನಿಂದ ಎಲ್ಲ ಕೇಳಿಕೊಂಡು ಹೋಗಿ ಡೈರೆಕ್ಟರ್ ಬಾಗಿಲು ತಟ್ಟಿದಳು. ಮಾರನೇ ದಿನವೇ ಡೈರೆಕ್ಟರ್ ಎಲ್ಲರನ್ನೂ ಮ್ಯೂಸಿಯಂನ ನೆಲಮಾಳಿಗೆಗೆ ಕರೆಸಿದರು. ಉದ್ದ ಮೇಜು, ಅದರ ಮೇಲೆ ಎರಡು ದೀಪ, ಗೋಡೆ ತುಂಬ ಡ್ರಾಯರ್. ಡೈರೆಕ್ಟರ್ ಮೇಜಿನ ತುದಿಯಲ್ಲಿ ಕೂತರು. ಅವರಿಗೆ ಎಲೆಗಿಂತ ಗಡಿಯಾರದ ಮೇಲೆ ಪ್ರೀತಿ ಜಾಸ್ತಿ. ಸೊಸೆ ಬರೆದುಕೊಳ್ಳಲು ಮೂಲೆಯಲ್ಲಿ ಕೂತಳು, ತಲೆ ಎತ್ತದೆ. ಮೇಷ್ಟ್ರು ಮಾತ್ರ ಎದ್ದು ಬಂದು ಉಳಿಯಕ್ಕನಿಗೆ ಕುರ್ಚಿ ಎಳೆದುಕೊಟ್ಟರು.

“ಅಕ್ಕಾ, ತಪ್ಪು ತಿಳ್ಕೋಬೇಡಿ. ವಯಸ್ಸಾಯ್ತು, ಮರೆವು ಎಲ್ರಿಗೂ ಸಹಜ. ನಾನು ಹಾಗೆ ಹೇಳಿದ್ದು ನಂಗಂತೂ ನೆನಪೇ ಇಲ್ಲ. ನೀವೇ ಒಳ್ಳೇದಾಗ್ಲಿ ಅಂತ ಎಸೆದಿರ್ತೀರಿ. ನಿಮ್ಮ ಕೆಲಸಕ್ಕೇನೂ ತೊಂದ್ರೆ ಆಗದ ಹಾಗೆ ನಾನು ನೋಡ್ಕೋತೀನಿ.”

ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಅವಳನ್ನು ಸತ್ಯದಿಂದ ಎಳೆದು ಪಕ್ಕಕ್ಕಿಟ್ಟರು.

“ಏನಮ್ಮಾ, ನೀವೇನು ಹೇಳ್ತೀರಿ?” ಎಂದರು ಡೈರೆಕ್ಟರ್.

“ನಂಗೆ ಕೈ ಕಟ್ಕೊಂಡು ಮಾತಾಡಿ ಅಭ್ಯಾಸ ಇಲ್ಲ.” ಗುಂಡಿಯಿಂದ ಬಂದ ಕಲ್ಲಿನ ಪೆಟ್ಟಿಗೆ ಮೇಜಿನ ಪಕ್ಕದಲ್ಲೇ ಇತ್ತು, ಉಳಿ ಸುತ್ತಿಗೆ ಅವಳ ಚೀಲದಲ್ಲೇ ಇದ್ದವು. ಉಳಿಯಕ್ಕ ಒಂದನ್ನು ಎತ್ತಿಕೊಂಡು ಸೀಳಿದಳು. ಒಳಗಿನ ಸಿಟ್ಟಿಗೆ ಕೈಗೊಂದು ಕೆಲಸ ಬೇಕಾಗಿತ್ತು, ಅಷ್ಟೇ. ಎಲೆಯಿದ್ದ ಹೋಳನ್ನು ಎಂದಿನಂತೆ ಎಡಕ್ಕೆ ಚಾಚಿದಳು. ಎಡಕ್ಕಿದ್ದವರು ಮೇಷ್ಟ್ರು. ಅವರೂ ಎಂದಿನಂತೆ ತೆಗೆದುಕೊಂಡು ಟ್ರೇಯಲ್ಲಿಟ್ಟರು. “ಮೊದಲ್ನೇ ವರ್ಷ ಫ್ಲಾಸ್ಕಿನ ಚಹಾ ಕುಡೀತಾ ನೀವಂದ್ರಿ,” ಎಂದಳು. ಇನ್ನೊಂದು ಸೀಳಿ, ನೋಡದೆಯೇ ಎಡಕ್ಕೆ ಚಾಚಿದಳು.

“ಇಲ್ಲ ಅಕ್ಕಾ,” ಎಂದರು ಮೇಷ್ಟ್ರು, ಡೈರೆಕ್ಟರ್ ಕಡೆ ತಿರುಗಿ. “ನೋಡಿ ಸಾರ್, ವಿಜ್ಞಾನ ಓದಿದ ಯಾರಾದ್ರೂ ಹಾಗೆ ಹೇಳ್ತಾರಾ? ಹಲ್ಲಿರೋ ಎಲೆಯ ಬೆಲೆ ನಂಗೆ ಗೊತ್ತಿಲ್ವಾ? ಒಂದೇ ಒಂದು ಹಲ್ಲಿನ ಎಲೆಯನ್ನೂ ನಾನು ಕಳ್ಕೊಳ್ಳೋಕೆ ಬಿಡಲ್ಲ...”

ಟಣ್ ಎಂದಿತು.

ಕಸದ ಬಕೆಟ್ಟು. ಎಲ್ಲರೂ ಅತ್ತ ನೋಡಿದರು. ಉಳಿಯಕ್ಕನೂ ಆಗಲೇ ನೋಡಿದ್ದು. ಅವಳೇನೂ ಬಲೆ ಬೀಸಿದವಳಲ್ಲ. ಮೇಷ್ಟ್ರ ಬಲಗೈ ಇನ್ನೂ ಬಕೆಟ್ಟಿನ ಮೇಲೆಯೇ ಇತ್ತು. ಕನ್ನಡಕದ ಹುಡುಗಿ ಬಗ್ಗಿ ಆ ಹೋಳನ್ನು ಎತ್ತಿ ದೀಪಕ್ಕೆ ಹಿಡಿದಳು. ಅಂಗೈಯಗಲದ ಎಲೆ. ಅಂಚಿನುದ್ದಕ್ಕೂ, ದರ್ಜಿಯವನು ಕತ್ತರಿಸಿದ ಹಾಗೆ, ಹಲ್ಲು ಹಲ್ಲು ಹಲ್ಲು.

ಬಾಯಿ ಏನು ಬೇಕಾದರೂ ಮರೆಯಬಹುದು. ಹದಿನೆಂಟು ವರ್ಷ ಪಳಗಿದ ಕೈ ಮರೆಯುವುದಿಲ್ಲ.

ಡೈರೆಕ್ಟರ್ ಗಡಿಯಾರ ನೋಡುವುದನ್ನು ಬಿಟ್ಟರು. “ತಿದ್ದುಪಡಿ ಹಾಕ್ಸಿ,” ಎಂದಷ್ಟೇ ಹೇಳಿ ಎದ್ದರು. ಉಳಿಯಕ್ಕನ ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ಅವರು ಬೇಕೆಂದೇ ಸುಳ್ಳು ಹೇಳಿದ್ದರೆ ಕಳ್ಳ ಅಂದು ಸುಮ್ಮನಾಗಬಹುದಿತ್ತು. ನಿಜವಾಗಿ ಮರೆತಿದ್ದರೆ ಇನ್ನೂ ಕಷ್ಟ. ಫ್ಲಾಸ್ಕು, ಚಹಾ, ಆ ನಗು, ಎಲ್ಲವೂ ಅವಳೊಬ್ಬಳ ಹತ್ತಿರವೇ ಉಳಿದಿತ್ತು ಎಂದಾಯಿತಲ್ಲ.

ವಾರದ ನಂತರ ಸೊಸೆ ಒಂದು ಹಾಳೆ ಹಿಡಿದು ಅಡುಗೆಮನೆಗೆ ಬಂದಳು.

“ಅತ್ತೆ, ತಿದ್ದುಪಡಿ ಬಂದಿದೆ. ಕಳ್ಸೋಕೆ ಮುಂಚೆ ನಿಮಗೆ ಓದೋಣ ಅಂತ. ‘ಸಂಗ್ರಹದ ಹಂತದಲ್ಲಿ ಲೋಪವಾಗಿರುವುದು ಗಮನಕ್ಕೆ ಬಂದಿದೆ. ಹಿಂದಿನ ವಿವರಣೆಯನ್ನು ಹಿಂತೆಗೆದುಕೊಳ್ಳಲಾಗಿದೆ. ಈ ಸ್ಥಳದ ಹವೆ ನಾವು ತಿಳಿದಿದ್ದಕ್ಕಿಂತ ಬಹಳ ತಂಪಾಗಿತ್ತು.’”

“ಲೋಪ ಯಾರದ್ದು ಅಂತ ಇದೆ?”

“ಯಾರದ್ದೂ ಅಂತ ಇಲ್ಲ.”

“ಹಂಗಾದ್ರೆ ಲೋಪ ತಾನಾಗೇ ಎದ್ದು, ಚಪ್ಪಲಿ ಮೆಟ್ಕೊಂಡು, ಗುಂಡಿಗೆ ಇಳೀತಾ?”

ಸೊಸೆ ಹತ್ತಿರ ಬಂದಳು. “ಏನು ಸೇರಿಸ್ಲಿ ಹೇಳಿ ಅತ್ತೆ. ನಾನು ಟೈಪ್ ಮಾಡ್ತೀನಿ. ಯಾರಿಗೂ ಗೊತ್ತಾಗಲ್ಲ.”

“ಯಾರಿಗೂ ಗೊತ್ತಾಗದ ಹಾಗೆ ಟೈಪ್ ಮಾಡೋದು ನಿಂಗೆ ಚೆನ್ನಾಗಿ ಬರುತ್ತೆ ಕಣಮ್ಮ. ಆ ಹಾಳೆ ಕೊಡಿಲ್ಲಿ.”

ಮೇಷ್ಟ್ರ ಕೋಣೆಗೆ ಅವಳು ಹದಿನೆಂಟು ವರ್ಷದಲ್ಲಿ ಹೋದದ್ದು ಅದೇ ಮೊದಲು. ಗೋಡೆಯ ಮೇಲೆ ದೊಡ್ಡ ಬಣ್ಣದ ಚಿತ್ರ: ಹಬೆಯಾಡುವ ಕಾಡು, ಬಳ್ಳಿ, ಕೊಡೆಯಗಲದ ಎಲೆಗಳು. ಅದರ ಕೆಳಗೆ ಮೇಷ್ಟ್ರು ಒಂದು ವಾರದಲ್ಲಿ ಹತ್ತು ವರ್ಷ ಮುದುಕರಾಗಿ ಕೂತಿದ್ದರು. ಅವಳು ಹಾಳೆಯನ್ನು ಮೇಜಿನ ಮೇಲಿಟ್ಟಳು.

“ನಾನು ಹೇಳಿದ್ದಕ್ಕೇ ಎಸೆದಳು ಅಂತ ಬರೀರಿ.”

“ಅಕ್ಕಾ, ನನ್ನ ಹೆಸರು ಆಗ್ಲೇ ಹೋಗಿದೆ. ಇನ್ನೊಂದು ಸಾಲಲ್ಲಿ ಏನಿದೆ?”

“ನಂಗೆ ಓದು ಬರಲ್ಲ. ಆದ್ರೂ ಒಂದು ಸಾಲಲ್ಲಿ ಎಷ್ಟಿರುತ್ತೆ ಅಂತ ನೀವೇ ಕಲಿಸಿದ್ರಲ್ಲ. ಬರೀರಿ.”

ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು. ಆಮೇಲೆ ಬರೆದರು, ಸಹಿ ಹಾಕಿದರು, ಬಿಡಿಬಿಡಿಯಾಗಿ ಓದಿಯೂ ಹೇಳಿದರು: “‘ಹಲ್ಲಿದ್ದ ಎಲೆಗಳನ್ನು ಕೆಲಸಗಾರ್ತಿ ಎಸೆದದ್ದು ನನ್ನ ಸೂಚನೆಯಂತೆ. ಅವು ಹರಿದವಲ್ಲ ಎಂದು ಆಕೆ ಆಗಲೇ ಹೇಳಿದ್ದರು.’ ಸರಿಯಾಯ್ತಾ ಅಕ್ಕಾ?”

ಸರಿಯಾಗಿಯೇ ಕೇಳಿಸಿತು. ಅವಳು ಹಾಳೆ ಮಡಿಸಿಕೊಂಡು ಹೊರಗೆ ಬಂದಳು.

ಗೇಟಿನಲ್ಲಿ ಕಾವಲುಗಾರ ಮೀಸೆ ತೀಡುತ್ತಾ ನಿಂತಿದ್ದ. “ಏ ಅಣ್ಣಾ, ಇದ್ರಲ್ಲಿ ಕೈಬರಹದಲ್ಲಿರೋದನ್ನ ಒಂಚೂರು ಓದು,” ಎಂದಳು. ಅವನು ತಡವರಿಸಿ ಓದಿದ. ಅದೇ ಇತ್ತು. ರಸ್ತೆ ದಾಟಿ ಔಷಧಿ ಅಂಗಡಿಗೆ ಹೋದಳು. ಡಾಕ್ಟರ ಕಾಗೆಕಾಲಿನ ಬರಹವನ್ನೇ ಓದಿ ಮಾತ್ರೆ ಕೊಡುವ ಹೆಂಗಸು ಅಲ್ಲಿದ್ದಳು, ಅವಳೂ ಓದಿದಳು. ಅದೇ ಇತ್ತು. ಬಸ್ಸಿಗೆ ಕಾಯುತ್ತಿದ್ದ ಶಾಲೆಯ ಹುಡುಗಿಯ ಕೈಯಲ್ಲೂ ಓದಿಸಿದಳು. ಮೂರು ಬಾಯಲ್ಲೂ ಅಕ್ಷರ ಬದಲಾಗಲಿಲ್ಲ. ಆಗ ವಾಪಸು ಹೋಗಿ ಅದನ್ನು ಡೈರೆಕ್ಟರ ಕೈಗೇ ಕೊಟ್ಟು ಮನೆಗೆ ಬಂದಳು.

ಸೊಸೆ ಬಾಗಿಲಲ್ಲೇ ಕಾಯುತ್ತಿದ್ದಳು. “ಏನು ಬರ್ದ್ರು ಅತ್ತೆ? ನನ್ನ ಕೈಗೇ ತಂದಿದ್ರೆ ಓದಿ ಹೇಳ್ತಿದ್ನಲ್ಲ.”

“ಓದಿಸಾಯ್ತು,” ಎಂದು ಉಳಿಯಕ್ಕ ಒಳಗೆ ಹೋದಳು.