ಬೀಪ್ ಶಬ್ದದ ನಂತರ

"ನಮಸ್ಕಾರ ದಯಾನಂದ ಅವರೇ" ಎಂದಿತು ಫೋನು. ದಯಾನಂದ ಕೂತಲ್ಲಿಂದ ಎದ್ದು ನಿಂತ.

ಎದ್ದದ್ದಷ್ಟೇ ಅಲ್ಲ, ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಂಡ. ಮೂಡುಬಿದಿರೆಯಿಂದ ವಾಮದಪದವು ಮಾರ್ಗವಾಗಿ ಬಂಟ್ವಾಳಕ್ಕೆ ಹೋಗುವ ಖಾಸಗಿ ಬಸ್ಸಿನಲ್ಲಿ ಇಪ್ಪತ್ತು ವರ್ಷ ಕಂಡಕ್ಟರನಾಗಿದ್ದವನು ಅವನು. ಎಂಜಿನಿನ ಸದ್ದು ಬಲಗಿವಿಯನ್ನು ಅರ್ಧ ತಿಂದುಹಾಕಿತ್ತು. ಹಾಗಾಗಿ ಫೋನು ಬಂದರೆ ಸ್ಪೀಕರಿನಲ್ಲೇ ಮಾತು, ಮನೆಯವರಿಗೆಲ್ಲ ಕೇಳುವಂತೆ. ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ಹೆಂಡತಿ ನೀಲಾವತಿ ಕತ್ತರಿ ಕೆಳಗಿಟ್ಟಳು. ಮೆಟ್ಟಿಲಲ್ಲಿ ಕೂತು ಓದುತ್ತಿದ್ದ ಮಗಳು ತೃಷಾ ತಲೆಯೆತ್ತಿದಳು.

"ನಮಸ್ಕಾರ ಮೇಡಂ. ಊಟ ಆಯ್ತಾ?" ಎಂದು ದಯಾನಂದ, ಶಾಲೆಯಲ್ಲಿ ಕಲಿತ ಕನ್ನಡವನ್ನು ಇಸ್ತ್ರಿ ಹಾಕಿದ ಅಂಗಿಯಂತೆ ತೊಟ್ಟುಕೊಂಡು ಕೇಳಿದ.

"ಈ ಸಂದರ್ಶನದಲ್ಲಿ ಐದು ಪ್ರಶ್ನೆಗಳಿವೆ. ದಯವಿಟ್ಟು ಬೀಪ್ ಶಬ್ದದ ನಂತರ ಉತ್ತರಿಸಿ."

"ಆಯ್ತು ಮೇಡಂ, ಕೇಳಿ. ನನಗೆ ಎಂತ ಅವಸರ ಇಲ್ಲ."

ತೃಷಾಳಿಗೆ ಆಗಲೇ ಗೊತ್ತಾಯಿತು. ಆ ಕಡೆ ಮೇಡಮ್ಮೂ ಇಲ್ಲ, ಮಣ್ಣೂ ಇಲ್ಲ, ಮಾತಾಡುತ್ತಿರುವುದು ಯಂತ್ರ. ಅಪ್ಪನನ್ನು ಈ ಕೆಲಸ ಹುಡುಕುವ ಆ್ಯಪಿಗೆ ಸೇರಿಸಿದವಳು ಅವಳೇ. ಖಾಕಿ ಅಂಗಿಯ ಫೋಟೋ ಬಿಟ್ಟರೆ ಬೇರೆ ಇಲ್ಲದ್ದಕ್ಕೆ, ಯಾರದೋ ಮದುವೆಯ ಗುಂಪಿನ ಫೋಟೋದಿಂದ ಅವನ ತಲೆಯನ್ನಷ್ಟೇ ಕತ್ತರಿಸಿ ಹಾಕಿದ್ದಳು. ಆಮೇಲೆ ಅಪ್ಪ ಮಗಳು ಕೂತು ಅರ್ಜಿಯ ಬಟನ್ ಒತ್ತಿದ್ದೇ ಒತ್ತಿದ್ದು. ಅಂಗೈಯಲ್ಲಿ ಅರಮನೆ ತೋರಿಸುವ ಆ ಆ್ಯಪು, 'ನಿಮ್ಮ ಅರ್ಜಿಯನ್ನು ವೀಕ್ಷಿಸಲಾಗಿದೆ' ಎಂದು ಹೇಳುವುದು, ಮತ್ತೆ ಸುದ್ದಿಯಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಮಳೆಗಾಲ ಕಳೆಯಿತು, ನವರಾತ್ರಿಯೂ ಕಳೆಯಿತು. ನೀಲಾವತಿಯ ತಮ್ಮ ಜಿತೇಶ್ ಪುಣೆಯಲ್ಲಿ ಕ್ಯಾಂಟೀನ್ ನಡೆಸುತ್ತಾನೆ. "ಈ ತಿಂಗಳು ನೋಡಿ ಭಾವ, ಇಲ್ಲದಿದ್ರೆ ನಾನು ರೈಲಿಗೆ ಟಿಕೆಟ್ ಮಾಡ್ತೇನೆ, ಬಂದುಬಿಡಿ" ಎಂದಿದ್ದ. ಐವತ್ತರ ಹತ್ತಿರದಲ್ಲಿ ಭಾವಮೈದುನನ ಕೈಕೆಳಗೆ ತಟ್ಟೆ ತೊಳೆಯಲು ಹೋಗುವುದನ್ನು ನೆನೆದರೆ ದಯಾನಂದ ಊಟವನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಈಗ ಬಂದ ಕರೆ ಬಿ.ಸಿ. ರೋಡಿನ ಪಾರ್ಸೆಲ್ ಕಚೇರಿಯ ಕೆಲಸದ್ದು. ಮನೆಯಿಂದ ಹೋಗಿ ಬರಬಹುದಾದ ಕೆಲಸ.

"ನಿಮ್ಮ ಹಿಂದಿನ ಕೆಲಸವನ್ನು ಬಿಡಲು ಕಾರಣವೇನು?"

ಬೀಪ್ ಎಂದಿತು. ಕೆಲಸ ಹೋದ ಮೇಲೆ ಊರೆಲ್ಲ ಅವನನ್ನು ಕೇಳಿದ್ದು ಒಂದೇ ಮಾತು, ಬೇರೆ ಎಲ್ಲಿಯಾದರೂ ಆಯ್ತಾ ಎಂದು. ಯಾಕೆ ಹೋಯಿತು ಎಂದು ಯಾರೂ ಕೇಳಿರಲಿಲ್ಲ.

"ನಾನು ಬಿಟ್ಟದ್ದಲ್ಲ ಮೇಡಂ. ಧಣಿಗಳು ತೀರಿಹೋದ್ರು, ಮಕ್ಕಳು ಬಸ್ಸು ಮಾರಿದ್ರು. ಹೊಸ ಧಣಿಯ ಜನ ಒಬ್ಬ ಬಂಟ್ವಾಳದಲ್ಲಿ ಬಾಗಿಲ ಹತ್ತಿರ ನಿಂತು, ಟಿಕೆಟಿನ ಚೀಲ ಕೊಡಿ ಅಂದ. ಬಸ್ಸು ತುಂಬ ಜನ, ಎಲ್ಲ ನನ್ನ ಗುರ್ತದವರೇ. ಚೀಲ ಕೊಟ್ಟೆ. ಸೀಟಿ ನನ್ನ ಸ್ವಂತದ್ದು, ಅದನ್ನು ಬಿಟ್ಟ. ಮತ್ತೆ ಮನೆಗೆ ಬರ್ಬೇಕಲ್ಲ ಮೇಡಂ, ನಮ್ಮ ಕಡೆಗೆ ಆಗ ಬೇರೆ ಬಸ್ಸಿಲ್ಲ. ಅದೇ ಬಸ್ಸಿಗೆ ಹತ್ತಿದೆ. ಅವನು ನನ್ನ ಹತ್ತಿರವೇ ಬಂದು, ಎಲ್ಲಿಗೆ ಅಂತ ಕೇಳಿದ. ಟಿಕೆಟ್ ತೆಗೆದೆ. ನಿಂತುಕೊಂಡೇ ಬಂದೆ. ಸೀಟು ಇತ್ತು, ಆದ್ರೆ ನನಗೆ ಅದರಲ್ಲಿ ಕೂತು ಗೊತ್ತಿಲ್ಲ..."

"ಧನ್ಯವಾದಗಳು. ಮುಂದಿನ ಪ್ರಶ್ನೆ" ಎಂದಿತು ಫೋನು. "ನಿಮ್ಮ ಬಳಿ ದ್ವಿಚಕ್ರ ವಾಹನ ಇದೆಯೇ? ಇದೆ ಅಥವಾ ಇಲ್ಲ ಎಂದು ಹೇಳಿ."

"ಉಂಟು ಮೇಡಂ. ಹಳೆಯದು, ಆದ್ರೂ ಹೋಗ್ತದೆ."

"ಕ್ಷಮಿಸಿ, ನಿಮ್ಮ ಉತ್ತರ ಸ್ಪಷ್ಟವಾಗಿಲ್ಲ. ಇದೆ ಅಥವಾ ಇಲ್ಲ ಎಂದು ಹೇಳಿ."

"ಉಂಟು, ಉಂಟು!" ದಯಾನಂದ ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಗಂಟಲಿನಲ್ಲಿ ಕೂಗಿದ. ಜೀಗುಜ್ಜೆ ಮರದಲ್ಲಿದ್ದ ಕಾಗೆ ಹಾರಿಹೋಯಿತು.

"ಕ್ಷಮಿಸಿ, ನಿಮ್ಮ ಉತ್ತರ ದೊರೆಯಲಿಲ್ಲ. ನಿಮ್ಮೊಂದಿಗೆ ಮಾತನಾಡಿದ್ದು ಸಂತೋಷ. ಶುಭ ದಿನ."

ದಯಾನಂದ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತ. ಅವನ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಒಂದು ಬಗೆಯ ಹಗುರ ಕಾಣುತ್ತಿತ್ತು. "ಒಳ್ಳೆ ಹೆಂಗಸು. ಒಂದು ಮಾತು ಅಡ್ಡ ಬರ್ಲಿಲ್ಲ ನೋಡು, ಪೂರ್ತಿ ಕೇಳಿದ್ರು. ಕೊನೆಗೆ ರೇಂಜ್ ಸರಿ ಇರ್ಲಿಲ್ಲ ಅವರಿಗೆ."

ನೀಲಾವತಿ ಮೊರದಲ್ಲಿದ್ದ ಬೀಡಿ ಎಲೆಗಳನ್ನೇ ನೋಡುತ್ತಿದ್ದಳು. "ಟಿಕೆಟ್ ತೆಗೆದು ಬಂದದ್ದು ನನಗೆ ಹೇಳ್ಲಿಲ್ಲ ನೀವು."

"ನೀನು ಕೇಳ್ಲಿಲ್ಲಲ್ಲ" ಎಂದ ದಯಾನಂದ. ಕುಟುಕಲು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ. ಅದಕ್ಕೇ ಅವಳಿಗೆ ಹೆಚ್ಚು ನೋವಾಯಿತು.

ಸಂಜೆಯೊಳಗೆ ತೃಷಾಳ ಫೋನಿಗೆ ಸಂದೇಶ ಬಂತು. ಈ ಬಾರಿ ತಮ್ಮ ಅರ್ಜಿಯನ್ನು ಮುಂದುವರಿಸಲಾಗುತ್ತಿಲ್ಲ. ಓದಿ ಹೇಳಿದರೆ ಅಪ್ಪ ನಂಬಲಿಲ್ಲ.

"ಆ ಮೇಡಂ ಹಾಗೆ ಮಾಡುವವರಲ್ಲ ಮಗಾ. ಮೇಲಿನವರು ಬೇಡ ಅಂದಿರ್ಬೇಕು. ಪಾಪ, ಅವರ ಕೈಯಲ್ಲಿ ಎಂತ ಉಂಟು?"

ಮೇಡಂ ಎನ್ನುವವರು ಇಲ್ಲ ಪಪ್ಪ ಎಂಬ ಮಾತು ತೃಷಾಳ ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿದಳು. ಹೇಳಿದರೆ ಆ ಬಸ್ಸು, ಆ ಟಿಕೆಟು, ಆ ನಿಂತುಕೊಂಡು ಬಂದದ್ದು ಎಲ್ಲವನ್ನೂ ಗೋಡೆಗೆ ಹೇಳಿದಂತಾಗುತ್ತದೆ. ಅಷ್ಟು ಕಠಿಣ ಮನಸ್ಸು ಅವಳಿಗಿರಲಿಲ್ಲ.

"ಇನ್ನು ಫೋನ್ ಬಂದ್ರೆ ಉಂಟು ಹೇಳ್ಬೇಡಿ ಪಪ್ಪ. ಇದೆ ಅಂತ ಹೇಳಿ. ಅವರಿಗೆ ಉಂಟು ಅರ್ಥ ಆಗುದಿಲ್ಲ."

"ಕನ್ನಡ ಬರ್ತದೆ, ಉಂಟು ಬರುದಿಲ್ಲವಾ? ಒಳ್ಳೆ ಕಥೆ ಮಾರಾಯ್ತಿ ನಿನ್ನದು." ಅವನು ನಕ್ಕ. "ಘಟ್ಟದ ಮೇಲಿನವರಿರ್ಬೇಕು."

ಮೇಲಿನ ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆದು ತಿರುವಿನಲ್ಲಿ ಇಳಿಯಿತು. ದಯಾನಂದ ನಗುವುದನ್ನು ನಿಲ್ಲಿಸಿ, ಸದ್ದು ಮರೆಯಾಗುವವರೆಗೆ ಕಿವಿಗೊಟ್ಟ.

ಮುಂದಿನ ವಾರ ಜಿತೇಶ್ ಮತ್ತೆ ಫೋನ್ ಮಾಡಿ, ಭಾನುವಾರದ ರೈಲಿಗೆ ನೋಡಲಾ ಎಂದು ಕೇಳಿದ. ನೀಲಾವತಿ ಕಪಾಟಿನ ಮೇಲಿದ್ದ ಚೀಲವನ್ನು ಇಳಿಸಿ, ಧೂಳು ಕೊಡವಿ, ಬಿಸಿಲಿಗಿಟ್ಟಳು. ಚೀಲ ಹಾಗೆ ಬಾಯಿ ತೆರೆದುಕೊಂಡು ಅಂಗಳದಲ್ಲಿ ಕೂತಿದ್ದಾಗಲೇ ಇನ್ನೊಂದು ಕರೆ ಬಂತು. ಇದು ಬೇರೆ ಕಂಪೆನಿ, ತೋಡಾರಿನಲ್ಲಿ ಹೊಸದಾಗಿ ತೆರೆದ ಗೋದಾಮು.

"ನಮಸ್ಕಾರ ದಯಾನಂದ ಅವರೇ."

"ಓ ಮೇಡಂ, ನೀವಾ!" ದಯಾನಂದ ಎದ್ದೇಬಿಟ್ಟ. "ಅಲ್ಲಿ ಬಿಟ್ಟು ಈಗ ಇಲ್ಲಿಗೆ ಸೇರಿದ್ರಾ? ನಾನು ಮೇಡಂ, ಬಸ್ಸಿನ ದಯಾನಂದ. ಮೊನ್ನೆ ಮಾತಾಡಿದ್ದೇವಲ್ಲ."

"ಈ ಸಂದರ್ಶನದಲ್ಲಿ ನಾಲ್ಕು ಪ್ರಶ್ನೆಗಳಿವೆ. ದಯವಿಟ್ಟು ಬೀಪ್ ಶಬ್ದದ ನಂತರ ಉತ್ತರಿಸಿ."

ಅದೇ ದನಿ. ಅದೇ ಮಾತು, ಅದೇ ಜಾಗದಲ್ಲಿ ಸಣ್ಣ ನಿಲುಗಡೆ, ಅದೇ ನಯ. ದಯಾನಂದ ಫೋನನ್ನು ಮುಖದಿಂದ ತುಸು ದೂರ ಹಿಡಿದು ನೋಡಿದ. ಆಮೇಲೆ ಮೆಟ್ಟಿಲಲ್ಲಿದ್ದ ಮಗಳನ್ನು ನೋಡಿದ. ತೃಷಾ ತಲೆ ತಗ್ಗಿಸಿದಳು.

"ನಿನಗೆ ಗೊತ್ತಿತ್ತಾ?" ಎಂದು ಅವನು ಕೇಳಿದ್ದು ತುಟಿಯಲ್ಲಷ್ಟೇ, ದನಿ ಹೊರಡಲಿಲ್ಲ. ಅವಳು ಹೌದೆಂದು ತಲೆಯಾಡಿಸಿದಳು.

"ನಿಮ್ಮ ಹಿಂದಿನ ಕೆಲಸವನ್ನು ಬಿಡಲು ಕಾರಣವೇನು?"

ಬೀಪ್.

"ಬಸ್ಸು ಮಾರಿದ್ರು."

"ಧನ್ಯವಾದಗಳು. ನಿಮಗೆ ಜನರೊಂದಿಗೆ ವ್ಯವಹರಿಸಿದ ಅನುಭವ ಇದೆಯೇ? ಇದೆ ಅಥವಾ ಇಲ್ಲ ಎಂದು ಹೇಳಿ."

"ಇದೆ."

"ನಿಮ್ಮ ಬಳಿ ದ್ವಿಚಕ್ರ ವಾಹನ ಇದೆಯೇ?"

"ಇದೆ."

"ರಾತ್ರಿ ಪಾಳಿಯಲ್ಲಿ ಕೆಲಸ ಮಾಡಲು ಒಪ್ಪಿಗೆ ಇದೆಯೇ?"

"ಇದೆ."

"ಅಭಿನಂದನೆಗಳು. ನೀವು ಆಯ್ಕೆಯಾಗಿದ್ದೀರಿ. ಸೋಮವಾರ ಮೂಲ ದಾಖಲೆಗಳೊಂದಿಗೆ ಬನ್ನಿ. ನಿಮ್ಮೊಂದಿಗೆ ಮಾತನಾಡಿದ್ದು ಸಂತೋಷ. ಶುಭ ದಿನ."

"ಪಪ್ಪ, ಆಯ್ತು! ಸಿಕ್ಕಿತು!" ತೃಷಾ ಕುಣಿಯುತ್ತ ಬಂದು ಅವನ ಕೈ ಹಿಡಿದಳು. ನೀಲಾವತಿ ಸೆರಗಿನಿಂದ ಕಣ್ಣೊರೆಸಿಕೊಂಡು, ಅಂಗಳಕ್ಕೆ ಓಡಿ ಆ ಚೀಲವನ್ನು ಎತ್ತಿ ಒಳಗೆ ಎಸೆದಳು. ಪುಣೆ ತಪ್ಪಿತು. ಬೆಳಗಿನಿಂದ ಮನೆಯಲ್ಲಿ ಯಾರೂ ಸರಿಯಾಗಿ ತಿಂದಿರಲಿಲ್ಲ ಎಂಬುದು ಅವಳಿಗೆ ಆಗಲೇ ನೆನಪಾದದ್ದು.

ದಯಾನಂದ ಜಗಲಿಯ ಕಂಬಕ್ಕೊರಗಿ ಕೂತ. ಫೋನನ್ನು ಪಕ್ಕದಲ್ಲಿ ಕವುಚಿ ಇಟ್ಟ. ಮೇಲಿನ ರಸ್ತೆಯಲ್ಲಿ ಬಸ್ಸು ಬಂತು, ಹೋಯಿತು. ಅವನು ಅತ್ತ ತಿರುಗಲಿಲ್ಲ.

"ಹಸಿವೆ ಉಂಟಾ? ಗಂಜಿ ಬಡಿಸ್ಲಾ?" ಎಂದು ಅಡುಗೆಮನೆಯಿಂದ ನೀಲಾವತಿ ಕೂಗಿ ಕೇಳಿದಳು.

"ಇದೆ" ಎಂದ ದಯಾನಂದ.

ನೀಲಾವತಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ಅವನ ಮುಖ ನೋಡಿದಳು.