ಹೊರಗಿನ ಗೂಡಿನ ಲೋಟ

"ಕೈ ಮುಟ್ಟಬ್ಯಾಡಲೇ ಅಂಬಣ್ಣ, ಬರ್ಫ ಅಷ್ಟ ಸರಿಸು," ಎಂದು ನೆರೆಮನೆಯ ಗಡಿಗೆಪ್ಪ ಅಂಗಳದ ಆಚೆಯಿಂದಲೇ ಕೂಗಿದ.

ಅಂಬಣ್ಣ ಅಣ್ಣನ ಹೆಣದ ಸುತ್ತ ಬರಿಗೈಯಲ್ಲೇ ಮಂಜುಗಡ್ಡೆ ಜೋಡಿಸುತ್ತಿದ್ದ. ಜಾಲಹಳ್ಳಿಯ ಮೇ ತಿಂಗಳ ಬಿಸಿಲು. ಅಣ್ಣ ಅಯ್ಯಪ್ಪನ ಮಗಳು ದುರ್ಗಾ ಪುಣೆಯಿಂದ ಬರುವತನಕ ಹೆಣ ಕೆಡದಂತೆ ಇಡಬೇಕಿತ್ತು.

*

ಅಯ್ಯಪ್ಪ ಹರೆಯದಲ್ಲಿ ಗುತ್ತೇದಾರನ ಬೆನ್ನುಹತ್ತಿ ಕಾಶ್ಮೀರಕ್ಕೆ ಹೋಗಿ, ಜೋಜಿ ಲಾ ಎಂಬ ಎತ್ತರದ ಕಣಿವೆ ದಾರಿಯಲ್ಲಿ ಹಿಮ ಕಡಿದವನು. ತಿರುಗಿ ಬಂದಾಗ ನಾಲ್ಕು ಬೆರಳಿರಲಿಲ್ಲ.

"ಹಿಂದಕ ಆ ದಾರ್ಯಾಗ ಕುದುರಿ ಮ್ಯಾಲೆ ಉಣ್ಣಿ ಮೂಟಿ ಹೇರಿಕೊಂಡು ದಾಟತಿದ್ರಂತ. ನಲವತ್ತೆಂಟರಾಗ ಮಿಲಿಟ್ರಿಯವ್ರು ಟ್ಯಾಂಕ್ ಹತ್ತಿಸಿದ್ರಂತ. ಈಗೂ ವರ್ಷ ವರ್ಷಾ ಬರ್ಫ ಮುಚ್ಚತದ, ಕೂಲಿಯವ್ರು ಕಡದು ಬಿಡಿಸ್ತಾರ. ನನ್ನ ಬೆರಳು ಅದರಾಗ ಹೋದ್ವು," ಎಂದು ಅವನು ಕಟ್ಟೆಯ ಮೇಲೆ ಹೇಳಿದ.

"ಬರ್ಫ ಬೆರಳು ತಿಂತದೇನಲೇ? ಹಂಗಾದ್ರ ಐಸ್‌ಕ್ಯಾಂಡಿ ತಿಂದವ್ರಿಗೆ ನಾಲಿಗಿ ಇರಬಾರದಿತ್ತು," ಎಂದು ಗಡಿಗೆಪ್ಪ ನಕ್ಕ.

ರಾಯಚೂರಿನ ಡಾಕ್ಟರು ಅಲ್ಲವೆಂದರೂ ಓಣಿ ಅದನ್ನು ಕುಷ್ಠವೆಂದೇ ತೀರ್ಮಾನಿಸಿತು. ಡಾಕ್ಟರಿಗಿಂತ ಓಣಿಗೆ ಹೆಚ್ಚು ಗೊತ್ತಿತ್ತಲ್ಲ! ಹೋಟೆಲಿನವರು ತಮಗೆ ಬೇರೆ ಲೋಟ ಇಟ್ಟಿದ್ದಕ್ಕೆ ಬಡಿದಾಡಿ ಗೆದ್ದ ಓಣಿ ಅದು. ಅದೇ ಓಣಿ ಅಯ್ಯಪ್ಪನಿಗೆ ಬೇರೆ ಲೋಟ ಇಟ್ಟಿತು. ತಮ್ಮನ ಮನೆಯಲ್ಲೂ ಅವನ ಲೋಟ ಹೊರಗಿನ ಗೂಡಿನಲ್ಲೇ ಇರುತ್ತಿತ್ತು.

*

ಕೊನೆಯ ಗಡ್ಡೆ ಇಟ್ಟು ಅಂಬಣ್ಣ ಕೈ ಕೊಡವಿದ. "ಯವ್ವಾ, ಬೆರಳು ಸತ್ತಂಗ ಆಗ್ಯಾವ. ಮಡಚಾಕ ಬರವಲ್ವು."

ತಲೆದೆಸೆಯಲ್ಲಿ ಕುಳಿತಿದ್ದ ಅಯ್ಯಪ್ಪನ ಹೆಂಡತಿ ಮಾನಮ್ಮ ಮುಖವೆತ್ತಿದಳು. "ಒಂದ್ ಗಳಿಗಿಗೆ ಸತ್ವೇನು? ನಿಮ್ಮಣ್ಣ ಅಂಥಾದ್ರಾಗ ಎರಡು ತಿಂಗಳು ಕಬ್ಬಿಣದ ಹಾರಿ ಹಿಡದಿದ್ದ."

ಅಂಬಣ್ಣ ಅಣ್ಣನ ಬೆರಳಿಲ್ಲದ ಕೈ ನೋಡಿದ. ಅಣ್ಣ ಹೇಳಿದ್ದು ನಿಜವೆಂದು ಅವನಿಗೆ ಅರ್ಥವಾಗಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು.

ದುರ್ಗಾ ಬಂದು ಅಪ್ಪನ ಮುಖ ನೋಡಿ ಅತ್ತದ್ದೂ ಆಯಿತು. ಹೆಗಲು ಕೊಡಲು ಮಾತ್ರ ಯಾರೂ ಏಳಲಿಲ್ಲ.

"ಟ್ರ್ಯಾಕ್ಟರ್ ಹೇಳೀನಿ, ಅದರಾಗ ಒಯ್ಯೂಣು," ಎಂದ ಗಡಿಗೆಪ್ಪ.

ಮಾನಮ್ಮನಿಗೆ ಮೈಯೆಲ್ಲ ಉರಿಯಿತು. ಎದ್ದು ಅಂಬಣ್ಣನ ಮನೆಯ ಹೊರಗಿನ ಗೂಡಿನಿಂದ ಗಂಡನ ಲೋಟ ತಂದಳು. ಬಂದವರಿಗೆಂದು ಕಾಸಿದ್ದ ಚಹ ಅದಕ್ಕೆ ಸುರಿದಳು.

"ನನ್ನ ಗಂಡ ಹೆಗಲ ಮ್ಯಾಲೇ ಹೋಗ್ತಾನ. ಇದರಾಗ ಯಾರು ಚಾ ಕುಡೀತೀರಿ, ಅವ್ರಷ್ಟ ಹೆಗಲು ಕೊಡ್ರಿ. ತಗೋ ಅಂಬಣ್ಣ, ನೀನ ಮೊದಲು."

ಅಂಬಣ್ಣನ ಬೆರಳುಗಳಿಗೆ ಆಗಲೇ ಜೀವ ಬಂದಿತ್ತು. ಅವನು ಅವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡ.

ಹೊರಗೆ ಟ್ರ್ಯಾಕ್ಟರ್ ಬಂದು ನಿಂತಿತು. ಮಾನಮ್ಮ ಚಾಚಿದ ಕೈ ಹಿಂದೆ ತೆಗೆಯಲಿಲ್ಲ. ಲೋಟದ ಚಹದ ಮೇಲೆ ಕೆನೆ ಕಟ್ಟತೊಡಗಿತ್ತು.